ಬಿಸಿಲಿಗಿಟ್ಟರೆ ಬ್ಯಾಕ್ಟೀರಿಯಾ ಸಾಯುತ್ತವೆಯೇ? ಬೆಳಕಿನಿಂದ ಚರ್ಮದ ಕ್ಷಯ ಗುಣಪಡಿಸಿದ ಡಾ. ಫಿನ್ಸೆನ್ ಅವರ ನಿಜವಾದ ಕಥೆ

ಬೇಸಿಗೆ ಬಂತೆಂದರೆ ಸಾಕು, ನಮ್ಮೆಲ್ಲರ ಫ್ಯಾಮಿಲಿ ಗ್ರೂಪುಗಳಲ್ಲಿ ಒಂದು ಬಗೆಯ ಸಂದೇಶ ಓಡಾಡಲು ಶುರುವಾಗುತ್ತದೆ. ಬಿಸಿಲಿಗಿಂತ ದೊಡ್ಡ ಔಷಧವಿಲ್ಲ, ಸ್ವಲ್ಪ ಹೊತ್ತು ಬಿಸಿಲು ಬಿದ್ದರೆ ಯಾವ ರೋಗಾಣುವೂ ಉಳಿಯುವುದಿಲ್ಲ, ಇದನ್ನು ಕಂಡುಹಿಡಿದ ಡಾಕ್ಟರಿಗೆ ನೂರು ವರ್ಷದ ಹಿಂದೆಯೇ ನೊಬೆಲ್ ಪ್ರಶಸ್ತಿ ಬಂದಿದೆ, ಆದರೂ ನಮಗೆ ಯಾರೂ ಹೇಳುವುದಿಲ್ಲ ಎಂಬುದು ಅದರ ತಿರುಳು. ಕೊನೆಯಲ್ಲಿ ಹತ್ತು ಜನರಿಗೆ ಕಳಿಸಿ ಎಂಬ ಮನವಿಯೂ ಇರುತ್ತದೆ.

ಇದರಲ್ಲಿ ಒಂದು ಮಾತು ನಿಜ. ಬೆಳಕಿನಿಂದ ರೋಗ ಗುಣಪಡಿಸಿದ್ದಕ್ಕೆ ಒಬ್ಬ ಡಾಕ್ಟರಿಗೆ 1903ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅವರ ಹೆಸರು ನೀಲ್ಸ್ ರೈಬರ್ಗ್ ಫಿನ್ಸೆನ್. ಆದರೆ ಅವರು ಮಾಡಿದ್ದು ರೋಗಿಗಳನ್ನು ಬಿಸಿಲಿಗೆ ಕೂರಿಸುವ ಕೆಲಸವಲ್ಲ. ಬೆಳಕು ಬಿದ್ದ ಬ್ಯಾಕ್ಟೀರಿಯಾಗಳು ಸುಮ್ಮನೆ ಸಾಯುವುದೂ ಇಲ್ಲ. ಏಟು ತಿಂದ ತಮ್ಮ ಡಿಎನ್‌ಎಯನ್ನು ಅವು ರಿಪೇರಿ ಮಾಡಿಕೊಳ್ಳುತ್ತವೆ. ಅದಕ್ಕಿಂತ ಆಶ್ಚರ್ಯವೆಂದರೆ, ಆ ರಿಪೇರಿಗೆ ಅವು ಬಳಸುವುದು ಕೆಲವೊಮ್ಮೆ ಅದೇ ಬೆಳಕನ್ನು! ಹೇಗೆ ಅಂತೀರಾ? ಫಿನ್ಸೆನ್ ಅವರ ಬದುಕಿನಿಂದಲೇ ಶುರು ಮಾಡೋಣ.

ಬಿಸಿಲೇ ಅಪರೂಪವಾದ ಊರು

ಅಟ್ಲಾಂಟಿಕ್ ಸಾಗರದ ಉತ್ತರಕ್ಕೆ, ಐಸ್‌ಲ್ಯಾಂಡ್ ಮತ್ತು ನಾರ್ವೆ ದೇಶಗಳ ನಡುವೆ ಫ್ಯಾರೋ ಎಂಬ ದ್ವೀಪಗಳಿವೆ. ಅವು ಡೆನ್ಮಾರ್ಕ್ ದೇಶದ ಆಳ್ವಿಕೆಯಲ್ಲಿದ್ದವು. ಅಲ್ಲಿನ ಟೋರ್ಸ್‌ಹಾವ್ನ್ ಎಂಬ ಪುಟ್ಟ ಊರಿನಲ್ಲಿ 1860ರ ಡಿಸೆಂಬರ್ 15ರಂದು ನೀಲ್ಸ್ ಹುಟ್ಟಿದ. ಮೋಡ, ಮಳೆ, ಗಾಳಿಯ ಊರು ಅದು. ಚಳಿಗಾಲದಲ್ಲಿ ಹಗಲು ಐದಾರು ಗಂಟೆಗೇ ಮುಗಿದುಹೋಗುತ್ತದೆ. ನಮ್ಮಲ್ಲಿ ಬಿಸಿಲಿನಿಂದ ತಪ್ಪಿಸಿಕೊಳ್ಳಲು ನೆರಳು ಹುಡುಕುತ್ತೇವೆ. ಅಲ್ಲಿನ ಜನ ಬಿಸಿಲು ಬಂದರೆ ಮನೆಯಿಂದ ಹೊರಗೆ ಓಡುತ್ತಾರೆ.

ನೀಲ್ಸ್‌ನ ತಂದೆ ಅಲ್ಲಿ ಸರ್ಕಾರಿ ಅಧಿಕಾರಿ. ಮನೆತನ ಐಸ್‌ಲ್ಯಾಂಡ್ ಮೂಲದ್ದು. ಹುಡುಗ ಚಿಕ್ಕವನಿದ್ದಾಗಲೇ ತಾಯಿ ತೀರಿಕೊಂಡರು. ಓದಿಗೆಂದು ಡೆನ್ಮಾರ್ಕಿನ ಒಂದು ವಸತಿ ಶಾಲೆಗೆ ಕಳಿಸಿದರು. ಒಳ್ಳೆಯ ಮನಸ್ಸಿನ ಹುಡುಗ, ಆದರೆ ಬುದ್ಧಿಯೂ ಸಾಲದು, ಚುರುಕೂ ಸಾಲದು ಎಂಬರ್ಥದ ವರದಿ ಶಾಲೆಯಿಂದ ಬಂತು. ಮುಂದೆ ನೊಬೆಲ್ ಪಡೆಯಲಿದ್ದವನ ಬಗ್ಗೆ ಮೇಷ್ಟ್ರು ಕೊಟ್ಟ ಸರ್ಟಿಫಿಕೇಟು ಇದು! ತಂದೆ ಅವನನ್ನು ಐಸ್‌ಲ್ಯಾಂಡಿನ ರೇಕ್ಯಾವಿಕ್ ಶಾಲೆಗೆ ಸೇರಿಸಿದರು. ಅಲ್ಲಿ ಓದು ಹಿಡಿತಕ್ಕೆ ಬಂತು. 1882ರಲ್ಲಿ ವೈದ್ಯಕೀಯ ಓದಲು ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿಗೆ ಬಂದರು. 1890ರಲ್ಲಿ ಡಾಕ್ಟರಾದರು.

ಉತ್ತರಕ್ಕೆ ಮುಖ ಮಾಡಿದ ಕೋಣೆ, ಮತ್ತು ಒಂದು ಬೆಕ್ಕು

ಓದುತ್ತಿದ್ದಾಗಲೇ ಫಿನ್ಸೆನ್ ಅವರಿಗೆ ಒಂದು ವಿಚಿತ್ರ ಕಾಯಿಲೆ ಶುರುವಾಗಿತ್ತು. ಹೃದಯ, ಪಿತ್ತಜನಕಾಂಗ, ಗುಲ್ಮಗಳ ಮೇಲಿನ ತೆಳು ಪೊರೆಗಳು ನಿಧಾನಕ್ಕೆ ದಪ್ಪವಾಗಿ ಬಿಗಿಯುವ ಕಾಯಿಲೆ ಅದು. ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ಸುಸ್ತು ಬಿಡುತ್ತಿರಲಿಲ್ಲ. ರಕ್ತಹೀನತೆಯೂ ಕಾಡುತ್ತಿತ್ತು. ಆಗ ಅವರಿದ್ದ ಮನೆ ಉತ್ತರಕ್ಕೆ ಮುಖ ಮಾಡಿತ್ತು. ಆ ದೇಶದಲ್ಲಿ ಉತ್ತರದ ಕಿಟಕಿಗೆ ಬಿಸಿಲು ಬರುವುದು ತೀರಾ ಕಡಿಮೆ. ಸ್ವಲ್ಪ ಬಿಸಿಲು ಸಿಕ್ಕರೆ ತಮಗೆ ಹಿತವಾಗುತ್ತದೆ ಎಂದು ಅವರಿಗೆ ಅನಿಸತೊಡಗಿತು.

ಹೀಗಿರುವಾಗ ಕಿಟಕಿಯಿಂದ ಅವರು ಒಂದು ಬೆಕ್ಕನ್ನು ಗಮನಿಸಿದರು. ಚಾವಣಿಯ ಮೇಲೆ ಬಿಸಿಲು ಕಾಯಿಸುತ್ತಾ ಮಲಗಿದ್ದ ಬೆಕ್ಕು, ನೆರಳು ತನ್ನ ಮೇಲೆ ಬಂದಾಗಲೆಲ್ಲ ಎದ್ದು ಮತ್ತೆ ಬಿಸಿಲಿಗೆ ಸರಿದು ಮಲಗುತ್ತಿತ್ತು. ಬಿಸಿಲಿನಿಂದ ಜೀವಿಗಳ ಮೈಗೆ ಏನೋ ಆಗುತ್ತಿರಬೇಕು, ಅದೇನು ಎಂಬ ಪ್ರಶ್ನೆ ಅವರನ್ನು ಹಿಡಿದುಬಿಟ್ಟಿತು.

ಇಲ್ಲಿ ಒಂದು ವಿಷಯ ಗಮನಿಸಿ. ಒಂದು ಬೆಕ್ಕನ್ನು ನೋಡಿ ಬಿಸಿಲೇ ಔಷಧ ಎಂದು ಅವರು ಯಾರಿಗೂ ಸಾರಲಿಲ್ಲ. ಓದಿದರು, ಪ್ರಯೋಗ ಮಾಡಿದರು. ವಿಶ್ವವಿದ್ಯಾಲಯದಲ್ಲಿ ಅಂಗರಚನಾ ವಿಭಾಗದಲ್ಲಿ ಸಿಕ್ಕಿದ್ದ ಕೆಲಸವನ್ನು 1893ರಲ್ಲಿ ಬಿಟ್ಟು, ಪೂರ್ತಿ ಇದಕ್ಕೇ ಕೂತರು. ಅದರ ಹಿಂದಿನ ವರ್ಷವಷ್ಟೇ ಇಂಗೆಬಾರ್ಗ್ ಎಂಬುವರನ್ನು ಮದುವೆಯಾಗಿದ್ದರು. ಮೈಯಲ್ಲಿ ಕಾಯಿಲೆ, ಕೈಯಲ್ಲಿ ಖಾಯಂ ಕೆಲಸವಿಲ್ಲ, ಮನೆಯಲ್ಲಿ ಹೊಸ ಸಂಸಾರ. ಧೈರ್ಯ ಅಂದರೆ ಇದು.

ಮೊದಲ ಪ್ರಯತ್ನ ಕೈಕೊಟ್ಟಿತು

ಅವರ ಮೊದಲ ಸಲಹೆ ಬೆಳಕನ್ನು ಕೊಡುವುದಲ್ಲ, ತಡೆಯುವುದಾಗಿತ್ತು. ಸಿಡುಬು ಬಂದವರನ್ನು ಕೆಂಪು ಪರದೆ, ಕೆಂಪು ಗಾಜಿನ ಕೋಣೆಯಲ್ಲಿಟ್ಟರೆ ನೀಲಿ, ನೇರಳೆ ಮತ್ತು ನೇರಳಾತೀತ ಕಿರಣಗಳು ಚರ್ಮಕ್ಕೆ ತಾಗುವುದಿಲ್ಲ, ಕಲೆಗಳು ಕಡಿಮೆಯಾಗುತ್ತವೆ ಎಂದು 1893ರಲ್ಲಿ ಅವರು ಬರೆದರು. ನಾರ್ವೆಯ ಬರ್ಗನ್ ಊರಿನ ವೈದ್ಯರು ಅದೇ ವರ್ಷ ಪ್ರಯೋಗಿಸಿ ಒಳ್ಳೆಯ ಫಲಿತಾಂಶ ಬಂತೆಂದರು. ಹೆಸರು ಹರಡಿತು. ಆದರೆ ಮುಂದೆ ಬೇರೆ ವೈದ್ಯರು ಪರೀಕ್ಷಿಸಿದಾಗ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಕೆಂಪು ಕೋಣೆ ಕ್ರಮೇಣ ಮರೆಗೆ ಸರಿಯಿತು.

ಬೆಳಕಿನ ಚಿಕಿತ್ಸೆಗೆ ನೊಬೆಲ್ ಬಂದಿದೆ ಎಂದು ಹೇಳುವ ಸಂದೇಶಗಳು ಈ ಭಾಗವನ್ನು ಹೇಳುವುದಿಲ್ಲ. ಅದೇ ಮನುಷ್ಯ, ಅದೇ ಬೆಳಕು, ಒಂದು ಸಲ ತಪ್ಪಾಯಿತು, ಒಂದು ಸಲ ಸರಿಯಾಯಿತು. ಯಾವುದು ಸರಿ ಎಂದು ತಿಳಿದದ್ದು ನಂಬಿಕೆಯಿಂದಲ್ಲ, ರೋಗಿಗಳ ಲೆಕ್ಕ ಇಟ್ಟಿದ್ದರಿಂದ.

ಮುಖ ತಿನ್ನುವ ಕ್ಷಯ

ಆ ಕಾಲದ ಯುರೋಪಿನಲ್ಲಿ ಲೂಪಸ್ ವಲ್ಗಾರಿಸ್ ಎಂಬ ಭಯಂಕರ ಚರ್ಮರೋಗವಿತ್ತು. ಇಂದು ನಾವು ಲೂಪಸ್ ಎನ್ನುವ ಕಾಯಿಲೆ ಬೇರೆ, ಇದು ಬೇರೆ. ಇದು ಚರ್ಮಕ್ಕೆ ತಗಲುವ ಟಿಬಿ, ಅಂದರೆ ಕ್ಷಯ. ಹೆಚ್ಚಾಗಿ ಮುಖಕ್ಕೇ ಬರುತ್ತಿತ್ತು. ಮೂಗು, ತುಟಿ, ಕೆನ್ನೆ, ಕಿವಿಗಳನ್ನು ವರ್ಷಗಟ್ಟಲೆ ನಿಧಾನವಾಗಿ ತಿಂದುಹಾಕುತ್ತಿತ್ತು. ರೋಗಿಗಳು ಸಾಯುವುದಕ್ಕೆ ಮೊದಲೇ ಸಮಾಜದ ಪಾಲಿಗೆ ಸತ್ತಿರುತ್ತಿದ್ದರು. ಕೆಲಸ ಕೊಡುವವರಿಲ್ಲ, ಎದುರು ಕೂತು ಊಟ ಮಾಡುವವರಿಲ್ಲ. ಕೆರೆದು ತೆಗೆಯುವುದು, ಸುಡುವುದು ಇಂಥವೇ ಚಿಕಿತ್ಸೆಗಳು.

ಕ್ಷಯದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಖ್ 1882ರಲ್ಲಿ ಕಂಡುಹಿಡಿದಿದ್ದರು. ಅದಕ್ಕೂ ಮೊದಲು, 1877ರಲ್ಲಿ, ಇಂಗ್ಲೆಂಡಿನ ಡೌನ್ಸ್ ಮತ್ತು ಬ್ಲಂಟ್ ಎಂಬಿಬ್ಬರು ಬಿಸಿಲಿಗಿಟ್ಟ ಗಾಜಿನ ನಳಿಕೆಗಳಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ ಎಂದು ತೋರಿಸಿದ್ದರು. ಈ ಎರಡನ್ನೂ ಸೇರಿಸಿದರೆ ಚಿಕಿತ್ಸೆ ಸಿಗಬಹುದೇ ಎಂದು ಫಿನ್ಸೆನ್ ಯೋಚಿಸಿದರು. ಆದರೆ ಅಡ್ಡಿಗಳಿದ್ದವು. ಬರೀ ಬಿಸಿಲು ಸಾಲದು, ಅದನ್ನು ಒಂದು ಕಡೆ ಕೂಡಿಸಬೇಕು. ಭೂತಗನ್ನಡಿಯಿಂದ ಕೂಡಿಸಿದರೆ ಚರ್ಮ ಸುಡುತ್ತದೆ. ಅದಕ್ಕೆ ಅವರು ಟೊಳ್ಳು ಮಸೂರದೊಳಗೆ ನೀಲಿ ಬಣ್ಣದ ತಾಮ್ರದ ದ್ರಾವಣ ತುಂಬಿದರು. ಬಿಸಿ ತಡೆಯಿತು, ನೀಲಿ ನೇರಳೆ ಬೆಳಕು ಹಾದುಹೋಯಿತು.

ಮತ್ತೊಂದು ಅಡ್ಡಿ ರಕ್ತ. ಚರ್ಮದೊಳಗಿನ ರಕ್ತವೇ ಬೆಳಕನ್ನು ಹೀರಿಬಿಟ್ಟರೆ ಒಳಗಿನ ಬ್ಯಾಕ್ಟೀರಿಯಾಗೆ ಏನು ತಲುಪೀತು? ಇದನ್ನು ತಿಳಿಯಲು ಅವರು ಹೆಂಡತಿಯ ಕಿವಿಯ ಹಿಂದೆ ಫೋಟೋ ಕಾಗದದ ಚೂರು ಇಟ್ಟು, ಮುಂದಿನಿಂದ ನೀಲಿ ನೇರಳೆ ಬೆಳಕು ಬಿಟ್ಟರು. ಐದು ನಿಮಿಷವಾದರೂ ಕಾಗದ ಕಪ್ಪಾಗಲಿಲ್ಲ. ಆಮೇಲೆ ಕಿವಿಯನ್ನು ಎರಡು ಗಾಜಿನ ಹಲ್ಲೆಗಳ ನಡುವೆ ಒತ್ತಿ ರಕ್ತ ಸರಿಸಿದರು. ಇಪ್ಪತ್ತೇ ಸೆಕೆಂಡಿಗೆ ಕಾಗದ ಕಪ್ಪಾಯಿತು. ಮನೆಯಲ್ಲೇ ಮಾಡಿದ ಈ ಪುಟ್ಟ ಪ್ರಯೋಗ ಇಡೀ ಚಿಕಿತ್ಸೆಯ ದಾರಿ ತೋರಿಸಿತು. ಬೆಳಕು ಬೀಳುವ ಜಾಗವನ್ನು ಒತ್ತಿ ಹಿಡಿಯಬೇಕು!

1895ರ ನವೆಂಬರಿನಲ್ಲಿ ಮೊದಲ ರೋಗಿ ಬಂದರು. ಅವರೊಬ್ಬ ಎಂಜಿನಿಯರ್. ಎಂಟು ವರ್ಷದಿಂದ ನಾನಾ ಚಿಕಿತ್ಸೆ ಪಡೆದು ಸೋತಿದ್ದರು. ಕೋಪನ್‌ಹೇಗನ್ನಿನ ಚಳಿಗಾಲದಲ್ಲಿ ಬಿಸಿಲೆಲ್ಲಿ? ಅಲ್ಲಿನ ವಿದ್ಯುತ್ ಕೇಂದ್ರದಲ್ಲೇ, ಕಣ್ಣು ಕುಕ್ಕುವ ಕಾರ್ಬನ್ ಆರ್ಕ್ ದೀಪದ ಬೆಳಕಿನಲ್ಲಿ ಚಿಕಿತ್ಸೆ ನಡೆಯಿತು. ದಿನವೂ ಗಂಟೆಗಟ್ಟಲೆ, ತಿಂಗಳುಗಟ್ಟಲೆ. ಮುಖದ ಹುಣ್ಣು ಮಾಯತೊಡಗಿತು.

ನಾಲ್ಕು ತೋಳಿನ ದೀಪ

1896ರಲ್ಲಿ ದಾನಿಗಳ ಮತ್ತು ಊರಿನ ನೆರವಿನಿಂದ ಫಿನ್ಸೆನ್ ಬೆಳಕಿನ ಚಿಕಿತ್ಸಾ ಸಂಸ್ಥೆ ಶುರುವಾಯಿತು. ಅಲ್ಲಿನ ದೀಪಕ್ಕೆ ದೂರದರ್ಶಕದಂತಹ ನಾಲ್ಕು ಕೊಳವೆಗಳು. ಸುತ್ತ ನಾಲ್ವರು ರೋಗಿಗಳು. ಪ್ರತಿ ರೋಗಿಯ ಪಕ್ಕ ಒಬ್ಬ ದಾದಿ. ನೀರು ಹರಿಯುವ ಪುಟ್ಟ ಸ್ಫಟಿಕದ ಬಿಲ್ಲೆಯನ್ನು ಅವರು ರೋಗಿಯ ಮುಖಕ್ಕೆ ಒತ್ತಿ ಹಿಡಿಯಬೇಕು. ಒಂದು ಸಲಕ್ಕೆ ನಾಣ್ಯದಗಲ ಜಾಗ ಮಾತ್ರ. ಅದಕ್ಕೆ ಒಂದು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು. ಮರುದಿನ ಪಕ್ಕದ ಜಾಗ. ಹೀಗೆ ಇಡೀ ಕೆನ್ನೆ ಮುಗಿಯಲು ಎಷ್ಟು ದಿನ ಬೇಕೆಂದು ನೀವೇ ಲೆಕ್ಕ ಹಾಕಿ.

ಹೊಸ ಶತಮಾನ ಬರುವ ಹೊತ್ತಿಗೆ ನೂರಾರು ಜನ ಅಲ್ಲಿಗೆ ಬಂದಿದ್ದರು. ಹೆಚ್ಚಿನವರು ಗುಣವಾದರು ಅಥವಾ ಬಹಳಷ್ಟು ಸುಧಾರಿಸಿದರು. ಡೆನ್ಮಾರ್ಕಿನ ರಾಜಕುಮಾರಿಯಾಗಿದ್ದು ಬ್ರಿಟನ್ನಿನ ರಾಜಮನೆತನಕ್ಕೆ ಸೊಸೆಯಾಗಿ ಹೋಗಿದ್ದ ಅಲೆಕ್ಸಾಂಡ್ರಾ, ಲಂಡನ್ನಿನ ಆಸ್ಪತ್ರೆಗೂ ಇಂಥದ್ದೊಂದು ದೀಪ ಕೊಡಿಸಿದರು. ಫಿನ್ಸೆನ್ ಅವರ ಸಹೋದ್ಯೋಗಿಗಳಾದ ಸೋಫಸ್ ಬ್ಯಾಂಗ್ ಮತ್ತು ವಾಲ್ಡೆಮಾರ್ ಬೀ ಪ್ರಯೋಗಾಲಯದಲ್ಲಿ ಕೂತು ಯಾವ ಬೆಳಕು ಬ್ಯಾಕ್ಟೀರಿಯಾಗಳನ್ನು ಎಷ್ಟರಮಟ್ಟಿಗೆ ಕೊಲ್ಲುತ್ತದೆ ಎಂದು ಅಳೆಯುತ್ತಿದ್ದರು.

ರೋಗಿಗಳ ಮುಖ ತಿಳಿಯಾಗುತ್ತಿದ್ದಂತೆ ಡಾಕ್ಟರ ಮೈ ಕುಸಿಯುತ್ತಾ ಹೋಯಿತು. ಹೊಟ್ಟೆಯ ನೀರನ್ನು ಮತ್ತೆ ಮತ್ತೆ ಸೂಜಿ ಚುಚ್ಚಿ ತೆಗೆಯಬೇಕಾಗುತ್ತಿತ್ತು. ಕೊನೆಯ ವರ್ಷಗಳಲ್ಲಿ ಗಾಲಿಕುರ್ಚಿಯೇ ಗತಿ. ಬೆಳಕಿನಿಂದ ಊರವರ ಕಾಯಿಲೆ ಗುಣಪಡಿಸಿದವರಿಗೆ ತಮ್ಮ ಕಾಯಿಲೆಗೆ ಬೆಳಕಿನಲ್ಲಿ ಮದ್ದು ಸಿಗಲಿಲ್ಲ. ಹಾಗೆಂದು ಅವರು ಸುಮ್ಮನೆ ಕೂರಲಿಲ್ಲ. ತಾವು ತಿಂದದ್ದು, ಕುಡಿದದ್ದು, ಹೊರಹೋದದ್ದು ಎಲ್ಲವನ್ನೂ ಅಳೆದು ಬರೆದಿಟ್ಟರು. ದೇಹದಲ್ಲಿ ಉಪ್ಪು ಸೇರಿಕೊಳ್ಳುವುದರ ಬಗ್ಗೆ ತಮ್ಮ ಮೈಯನ್ನೇ ಪ್ರಯೋಗಶಾಲೆ ಮಾಡಿಕೊಂಡು 1904ರಲ್ಲಿ ಒಂದು ಲೇಖನ ಪ್ರಕಟಿಸಿದರು.

1903ರ ಡಿಸೆಂಬರಿನಲ್ಲಿ ನೊಬೆಲ್ ಬಂತು. ಆ ಪ್ರಶಸ್ತಿ ಪಡೆದ ಮೊದಲ ಡೆನ್ಮಾರ್ಕಿನವರು ಅವರೇ. ಸ್ವೀಡನ್ನಿಗೆ ಹೋಗಿ ಸ್ವೀಕರಿಸುವಷ್ಟು ಶಕ್ತಿ ಉಳಿದಿರಲಿಲ್ಲ. ಹಣದ ದೊಡ್ಡ ಪಾಲನ್ನು ಬೆಳಕಿನ ಸಂಸ್ಥೆಗೂ, ಹೃದಯ ಮತ್ತು ಪಿತ್ತಜನಕಾಂಗದ ರೋಗಿಗಳ ಆರೋಗ್ಯಧಾಮಕ್ಕೂ ಕೊಟ್ಟರು. 1904ರ ಸೆಪ್ಟೆಂಬರ್ 24ರಂದು ತೀರಿಕೊಂಡರು. ವಯಸ್ಸು ಕೇವಲ 43.

ಅವರಿಗೆ ತಿಳಿಯದೇ ಉಳಿದದ್ದು

ಬೆಳಕು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ ಎಂಬುದು ಫಿನ್ಸೆನ್ ಅವರಿಗೆ ಗೊತ್ತಿತ್ತು. ಹೇಗೆ ಕೊಲ್ಲುತ್ತದೆ ಎಂಬುದು ಗೊತ್ತಿರಲಿಲ್ಲ. ಡಿಎನ್‌ಎಯೇ ಜೀವದ ಬರಹ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

ಈಗ ನಮಗೆ ಗೊತ್ತು. ಡಿಎನ್‌ಎಯನ್ನು ಒಂದು ಉದ್ದದ ಜಿಪ್ ಎಂದುಕೊಳ್ಳಿ. ಎದುರುಬದುರಿನ ಹಲ್ಲುಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಈ ಹಲ್ಲುಗಳು ನಾಲ್ಕು ಬಗೆ: ಎ, ಟಿ, ಜಿ, ಸಿ. ಎ ಎದುರಿಗೆ ಟಿ, ಜಿ ಎದುರಿಗೆ ಸಿ. ನೇರಳಾತೀತ ಕಿರಣ, ಅದರಲ್ಲೂ 260 ನ್ಯಾನೋಮೀಟರ್ ಆಸುಪಾಸಿನದ್ದು, ಡಿಎನ್‌ಎಗೆ ಬಡಿದರೆ ಒಂದೇ ಬದಿಯಲ್ಲಿ ಅಕ್ಕಪಕ್ಕ ಇರುವ ಎರಡು ಟಿಗಳು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಇದಕ್ಕೆ ಥೈಮಿನ್ ಡೈಮರ್ ಎಂದು ಹೆಸರು. ನಾವು ಸುಲಭಕ್ಕೆ ಗಂಟು ಎನ್ನೋಣ. ಹಲ್ಲು ಅಂಟಿದ ಜಿಪ್ ಹೇಗೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೋ ಹಾಗೆ, ಡಿಎನ್‌ಎ ನಕಲು ಮಾಡುವ ಯಂತ್ರ ಈ ಗಂಟಿನ ಹತ್ತಿರ ನಿಂತುಬಿಡುತ್ತದೆ. ನಕಲಾಗದಿದ್ದರೆ ಬ್ಯಾಕ್ಟೀರಿಯಾ ಎರಡಾಗಲಾರದು.

ನಮ್ಮ ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾವನ್ನೇ ತೆಗೆದುಕೊಳ್ಳಿ. ಅದರ ರಿಪೇರಿ ವ್ಯವಸ್ಥೆಯನ್ನೆಲ್ಲ ಕಿತ್ತುಹಾಕಿದರೆ ಒಂದೆರಡು ಗಂಟು ಸಾಕು, ಅದು ಸಾಯುತ್ತದೆ. ರಿಪೇರಿ ಸರಿಯಿದ್ದರೆ ಸಾವಿರಕ್ಕೂ ಹೆಚ್ಚು ಗಂಟುಗಳನ್ನು ಬಿಡಿಸಿಕೊಂಡು ಬದುಕಬಲ್ಲದು! ನಾವು ಯುವಿ ಬೆಳಕಿನಲ್ಲಿ ಬ್ಯಾಕ್ಟೀರಿಯಾ ಕೊಲ್ಲುತ್ತೇವೆ ಎಂದಾಗ ನಿಜವಾಗಿ ನಡೆಯುವುದು ಒಂದು ಓಟದ ಪಂದ್ಯ. ಗಂಟು ಬೀಳುವ ವೇಗ ಒಂದು ಕಡೆ, ಬಿಡಿಸುವ ವೇಗ ಇನ್ನೊಂದು ಕಡೆ.

ಕಿಟಕಿ ಪಕ್ಕದ ಸೀಸೆಗಳು

ಈ ರಿಪೇರಿ ಬೆಳಕಿಗೆ ಬಂದದ್ದು ಫಿನ್ಸೆನ್ ಸತ್ತು ಸುಮಾರು 45 ವರ್ಷಗಳ ನಂತರ, ಅದೂ ಒಂದು ಗೊಂದಲದಿಂದ. ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಕೆಲ್ನರ್ ಎಂಬ ವಿಜ್ಞಾನಿ ಸ್ಟ್ರೆಪ್ಟೋಮೈಸಿಸ್ ಗ್ರೀಸಿಯಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾಕ್ಕೆ ಯುವಿ ಬೆಳಕು ಬಿಟ್ಟು, ಎಷ್ಟು ಉಳಿದವು ಎಂದು ಎಣಿಸುತ್ತಿದ್ದರು. ಲೆಕ್ಕ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುತ್ತಿರಲಿಲ್ಲ. ಯುವಿ ಅಷ್ಟೇ ಕೊಟ್ಟಿದ್ದರೂ ಒಮ್ಮೆ ಬೆರಳೆಣಿಕೆಯಷ್ಟು ಉಳಿದರೆ ಇನ್ನೊಮ್ಮೆ ರಾಶಿ ರಾಶಿ ಉಳಿಯುತ್ತಿದ್ದವು. ಮೊದಲು ಅವರಿಗೆ ಅನುಮಾನ ಬಂದದ್ದು ಉಷ್ಣತೆಯ ಮೇಲೆ. ಅದನ್ನು ಒಂದೇ ಸಮ ಇಟ್ಟರೂ ಗೊಂದಲ ತೀರಲಿಲ್ಲ. ಕೊನೆಗೆ ಹೊಳೆಯಿತು: ಕೆಲವು ಸೀಸೆಗಳಿಗೆ ಕಿಟಕಿಯ ಬೆಳಕು ಬೀಳುತ್ತಿತ್ತು.

ಯುವಿ ತಾಗಿದ ಬ್ಯಾಕ್ಟೀರಿಯಾಗಳನ್ನು ಎರಡು ಪಾಲು ಮಾಡಿ ಒಂದನ್ನು ಕತ್ತಲಲ್ಲಿ, ಇನ್ನೊಂದನ್ನು ಸಾಮಾನ್ಯ ಬೆಳಕಿನಲ್ಲಿಟ್ಟರು. ಬೆಳಕಿನಲ್ಲಿದ್ದ ಪಾಲಿನಲ್ಲಿ ಬದುಕಿದವುಗಳ ಸಂಖ್ಯೆ ಲಕ್ಷ ಪಟ್ಟಿಗೂ ಮೀರಿ ಹೆಚ್ಚಿತ್ತು. 1949ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅದೇ ವರ್ಷ ರೆನಾಟೊ ಡಲ್ಬೆಕೊ ಎಂಬ ಇನ್ನೊಬ್ಬ ವಿಜ್ಞಾನಿ, ಬ್ಯಾಕ್ಟೀರಿಯಾಗಳನ್ನು ಕಾಡುವ ವೈರಸ್‌ಗಳಲ್ಲೂ ಹೀಗೇ ಆಗುತ್ತದೆ ಎಂದು ತೋರಿಸಿದರು. ನೇರಳಾತೀತ ಬೆಳಕು ಕೊಟ್ಟ ಗಾಯವನ್ನು ಕಣ್ಣಿಗೆ ಕಾಣುವ ಬೆಳಕು ಮಾಯಿಸುತ್ತಿತ್ತು!

ಮೂರು ಬಗೆಯ ರಿಪೇರಿ

ಮುಂದಿನ ದಶಕಗಳಲ್ಲಿ ಒಂದೊಂದಾಗಿ ರಹಸ್ಯ ಬಿಚ್ಚಿಕೊಂಡಿತು.

ಒಂದನೆಯದು, ಬೆಳಕಿನ ರಿಪೇರಿ. ಇ. ಕೋಲಿ ಸೇರಿದಂತೆ ಅನೇಕ ಬ್ಯಾಕ್ಟೀರಿಯಾಗಳಲ್ಲಿ ಫೋಟೋಲಯೇಸ್ ಎಂಬ ಕಿಣ್ವವಿದೆ. ಕಿಣ್ವ ಎಂದರೆ ಜೀವಕೋಶದೊಳಗೆ ಒಂದು ನಿರ್ದಿಷ್ಟ ಕೆಲಸ ಮಾಡಿಸುವ ಪ್ರೋಟೀನು. ಫೋಟೋಲಯೇಸ್ ಕತ್ತಲಲ್ಲೂ ಗಂಟನ್ನು ಹುಡುಕಿ ಅದರ ಮೇಲೆ ಕೂತುಕೊಳ್ಳುತ್ತದೆ, ಆದರೆ ಬಿಡಿಸಲು ಶಕ್ತಿ ಇರುವುದಿಲ್ಲ. ನೀಲಿ ಬೆಳಕು ಬಿದ್ದ ಕೂಡಲೇ ಆ ಶಕ್ತಿಯಿಂದ ಒಂದು ಎಲೆಕ್ಟ್ರಾನನ್ನು ಗಂಟಿಗೆ ದಾಟಿಸುತ್ತದೆ. ಗಂಟು ಬಿಚ್ಚುತ್ತದೆ. ಎರಡು ಟಿಗಳು ಮೊದಲಿನಂತೆ ಬೇರೆ ಬೇರೆ. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಪಾಲು ಬೇಗ ಎಲ್ಲ ಮುಗಿದಿರುತ್ತದೆ.

ಎರಡನೆಯದು, ಕತ್ತಲ ರಿಪೇರಿ. ಇದಕ್ಕೆ ಬೆಳಕೇ ಬೇಡ. 1964ರಲ್ಲಿ ಬೇರೆ ಬೇರೆ ತಂಡಗಳು ಇದನ್ನು ಗುರುತಿಸಿದವು. ಹರಿದ ಬಟ್ಟೆಗೆ ತೇಪೆ ಹಾಕಿದಂತೆ ಇದು. ಯುವಿಆರ್-ಎ ಮತ್ತು ಯುವಿಆರ್-ಬಿ ಎಂಬ ಪ್ರೋಟೀನುಗಳು ಡಿಎನ್‌ಎ ತಡವುತ್ತಾ ಉಬ್ಬು ತಗ್ಗು ಹುಡುಕುತ್ತವೆ. ಸಿಕ್ಕಿದ ಮೇಲೆ ಯುವಿಆರ್-ಸಿ ಗಂಟಿನ ಎರಡೂ ಪಕ್ಕ ಕತ್ತರಿಸುತ್ತದೆ. 12 ಅಥವಾ 13 ಅಕ್ಷರಗಳ ಒಂದು ತುಂಡು ಹೊರಬರುತ್ತದೆ. ಎದುರಿನ ಬದಿಯಲ್ಲಿ ಸರಿಯಾದ ಬರಹ ಇದ್ದೇ ಇದೆಯಲ್ಲ? ಅದನ್ನು ನೋಡಿಕೊಂಡು ಖಾಲಿ ಜಾಗ ತುಂಬಿ ಬೆಸುಗೆ ಹಾಕಿದರೆ ಕೆಲಸ ಮುಗಿಯಿತು. ಕ್ಷಯದ ಬ್ಯಾಕ್ಟೀರಿಯಾದ ಬಳಿಯೂ ಈ ವ್ಯವಸ್ಥೆ ಇದೆ.

ಮೂರನೆಯದು, ತುರ್ತು ಪರಿಸ್ಥಿತಿ. ಗಂಟುಗಳು ಮಿತಿಮೀರಿದಾಗ ಇ. ಕೋಲಿ ತನ್ನೊಳಗೆ ಅಪಾಯದ ಗಂಟೆ ಬಾರಿಸುತ್ತದೆ. ಇದಕ್ಕೆ ಎಸ್‌ಒಎಸ್ ಎಂದೇ ಹೆಸರು. ಸುಮ್ಮನಿದ್ದ 40ಕ್ಕೂ ಹೆಚ್ಚು ಜೀನುಗಳು ಎಚ್ಚರಗೊಳ್ಳುತ್ತವೆ. ಯಾವುದಕ್ಕೂ ಬಗ್ಗದಿದ್ದರೆ ಕೊನೆಯ ಉಪಾಯವಾಗಿ, ಗಂಟಿನ ಎದುರಿಗೆ ಅಂದಾಜಿನ ಮೇಲೆ ಯಾವುದೋ ಅಕ್ಷರ ಬರೆದು ಮುಂದೆ ಹೋಗುವ ಕಿಣ್ವಗಳು ಬರುತ್ತವೆ. ಜೀವ ಉಳಿಯುತ್ತದೆ, ಬರಹದಲ್ಲಿ ತಪ್ಪು ಸೇರುತ್ತದೆ. ಅಂದರೆ ಅರೆಬರೆ ಯುವಿ ಕೊಟ್ಟರೆ ಕೆಲವು ಬ್ಯಾಕ್ಟೀರಿಯಾಗಳು ಸಾಯುವ ಬದಲು ಬದಲಾಗಿ ಉಳಿಯುತ್ತವೆ.

ಮೊದಲೆರಡು ರಿಪೇರಿಗಳ ಒಳಗುಟ್ಟನ್ನು ವಿವರವಾಗಿ ಬಿಡಿಸಿದ ಟರ್ಕಿ ಮೂಲದ ಅಜೀಜ್ ಸಂಜಾರ್ ಅವರಿಗೆ 2015ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಹಂಚಿಕೆಯಾಯಿತು. ಬೆಳಕು ಕೊಲ್ಲುತ್ತದೆ ಎಂದವರಿಗೂ ನೊಬೆಲ್, ಬೆಳಕು ಬದುಕಿಸುತ್ತದೆ ಎಂದವರಿಗೂ ನೊಬೆಲ್!

ಹಾಗಾದರೆ ಫಿನ್ಸೆನ್ ದೀಪ ಗೆದ್ದದ್ದು ಹೇಗೆ?

ಇಷ್ಟೆಲ್ಲ ರಿಪೇರಿ ಇದ್ದರೂ ರೋಗಿಗಳು ಗುಣವಾದರಲ್ಲ ಎಂದು ನೀವು ಕೇಳಬಹುದು. 2005ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಇದೇ ಪ್ರಶ್ನೆ ಹಿಡಿದು, ಫಿನ್ಸೆನ್ ಕಾಲದ ಹಳೆಯ ಮಸೂರಗಳನ್ನು ಪರೀಕ್ಷಿಸಿದರು. ಉತ್ತರ ಎಲ್ಲರನ್ನೂ ಬೆರಗುಗೊಳಿಸಿತು. ಡಿಎನ್‌ಎಯಲ್ಲಿ ಗಂಟು ಹಾಕುವ ಕಿರು ತರಂಗದ ನೇರಳಾತೀತ ಕಿರಣಗಳು ಆ ಮಸೂರಗಳನ್ನು ದಾಟುತ್ತಲೇ ಇರಲಿಲ್ಲ! 340 ನ್ಯಾನೋಮೀಟರಿಗಿಂತ ಉದ್ದದ ತರಂಗಗಳು ಮಾತ್ರ ಹಾದುಹೋಗುತ್ತಿದ್ದವು.

ಸಂಶೋಧಕರ ವಿವರಣೆ ಹೀಗಿದೆ. ಕ್ಷಯದ ಬ್ಯಾಕ್ಟೀರಿಯಾದೊಳಗೆ ಪಾರ್ಫಿರಿನ್ ಎಂಬ ಬಣ್ಣದ ವಸ್ತು ಇರುತ್ತದೆ. 400 ನ್ಯಾನೋಮೀಟರ್ ಆಸುಪಾಸಿನ ನೇರಳೆ ಬೆಳಕನ್ನು ಅದು ಹೀರಿ, ಪಕ್ಕದ ಆಮ್ಲಜನಕವನ್ನು ಉಗ್ರರೂಪಕ್ಕೆ ತಿರುಗಿಸುತ್ತದೆ. ಆ ಆಮ್ಲಜನಕವೇ ಬ್ಯಾಕ್ಟೀರಿಯಾವನ್ನು ಒಳಗಿನಿಂದ ಹಾಳುಮಾಡುತ್ತದೆ. ಫಿನ್ಸೆನ್ ಚಿಕಿತ್ಸೆ ಸರಿಯಾಗಿತ್ತು, ಅದರ ಕಾರಣವನ್ನು ಅವರ ಕಾಲದವರು ಅಂದಾಜಿಸಿದ್ದು ಪೂರ್ತಿ ಸರಿಯಾಗಿರಲಿಲ್ಲ. ಕೂಡಿಸಿದ ಬೆಳಕು, ರಕ್ತ ಸರಿಸಿದ ಚರ್ಮ, ತಿಂಗಳುಗಟ್ಟಲೆ ಪಟ್ಟುಹಿಡಿದು ಕೊಟ್ಟ ಪ್ರಮಾಣ ಇವು ಸೇರಿ ಕೆಲಸ ಮಾಡಿದವು. ಅಂಗಳದ ಬಿಸಿಲಿಗೂ ಇದಕ್ಕೂ ಅಜಗಜಾಂತರ.

ಆ ದೀಪಗಳು ಆರಿದ್ದು ಯಾರೋ ಮುಚ್ಚಿಟ್ಟಿದ್ದರಿಂದಲ್ಲ. ಕ್ಷಯಕ್ಕೆ ಪರಿಣಾಮಕಾರಿಯಾದ ಮೊದಲ ಔಷಧ ಸ್ಟ್ರೆಪ್ಟೋಮೈಸಿನ್ 1943ರಲ್ಲಿ ಸಿಕ್ಕಿತು. ಅದು ಸಿಕ್ಕಿದ್ದು ಸ್ಟ್ರೆಪ್ಟೋಮೈಸಿಸ್ ಗ್ರೀಸಿಯಸ್ ಬ್ಯಾಕ್ಟೀರಿಯಾದಿಂದ. ಹೌದು, ಕೆಲ್ನರ್ ಅವರ ಕಿಟಕಿಯ ಬಳಿ ಬೆಳಕಿನಲ್ಲಿ ಜೀವ ಹಿಡಿದದ್ದೂ ಅದೇ ಜಾತಿ! ಆಮೇಲೆ ಇನ್ನಷ್ಟು ಔಷಧಗಳು ಬಂದವು. ಚರ್ಮದ ಮೇಲಿನ ಹುಣ್ಣಷ್ಟೇ ಅಲ್ಲ, ಬೆಳಕು ತಲುಪದ ಶ್ವಾಸಕೋಶ, ಮೂಳೆ, ಮೆದುಳಿನ ಕ್ಷಯವೂ ಮಾತ್ರೆಗೆ ಬಗ್ಗಿತು.

ನಮ್ಮ ಮನೆಗೆ ಇದರಿಂದ ಏನು ತಿಳಿಯಬೇಕು?

ಟಿಬಿ ಇರುವವರು ಬಿಸಿಲನ್ನು ನಂಬಿ ಮಾತ್ರೆ ಬಿಡಬಾರದು. ಇದು ಈ ಲೇಖನದ ಅತಿ ಮುಖ್ಯ ಮಾತು. ಬಿಸಿಲು ಶ್ವಾಸಕೋಶದೊಳಗೆ ಇಳಿಯುವುದಿಲ್ಲ. ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಮಾತ್ರೆ ಉಚಿತ. ಹುಷಾರಾದಂತೆ ಅನಿಸಿದರೂ ಡಾಕ್ಟರು ಹೇಳುವವರೆಗೆ ನಿಲ್ಲಿಸಬೇಡಿ. ಅರ್ಧಕ್ಕೆ ಬಿಟ್ಟರೆ ಔಷಧಕ್ಕೆ ಬಗ್ಗದ ಕ್ಷಯ ಬರುವ ಅಪಾಯವಿದೆ.

ಭೂಮಿಗೆ ತಲುಪುವ ಬಿಸಿಲಿನಲ್ಲಿ 260 ನ್ಯಾನೋಮೀಟರಿನ ಕಿರಣವೇ ಇರುವುದಿಲ್ಲ. ಮೇಲಿನ ಓಜೋನ್ ಪದರ ಅದನ್ನು ತಡೆಯುತ್ತದೆ. ಉಳಿದ ನೇರಳಾತೀತ ಕಿರಣಗಳು ಬ್ಯಾಕ್ಟೀರಿಯಾಗೆ ಏಟು ಕೊಡುವುದು ನಿಜ, ಆದರೆ ರಿಪೇರಿಗೆ ಬೇಕಾದ ನೀಲಿ ಬೆಳಕೂ ಅದೇ ಬಿಸಿಲಿನಲ್ಲಿದೆ. ಹಾಸಿಗೆ, ಬಟ್ಟೆ ಬಿಸಿಲಿಗೆ ಹಾಕುವುದು ಒಳ್ಳೆಯ ಅಭ್ಯಾಸವೇ. ಹಪ್ಪಳ ಸಂಡಿಗೆ ಕೆಡದಿರುವುದು ಮುಖ್ಯವಾಗಿ ನೀರು ಒಣಗುವುದರಿಂದ, ಕಿರಣದಿಂದಲ್ಲ.

ಮನೆಯ ನೀರಿನ ಫಿಲ್ಟರಿನಲ್ಲಿರುವ ಯುವಿ ದೀಪ ಉಪಯುಕ್ತ, ಷರತ್ತುಗಳೊಂದಿಗೆ. ನೀರು ತಿಳಿಯಾಗಿರಬೇಕು, ಕೆಸರಿನ ಕಣದ ನೆರಳಿನಲ್ಲಿ ಬ್ಯಾಕ್ಟೀರಿಯಾ ಬಚಾವಾಗುತ್ತವೆ. ದೀಪ ಹಳೆಯದಾದರೆ ಉರಿಯುತ್ತಿದ್ದರೂ ಶಕ್ತಿ ಕುಂದಿರುತ್ತದೆ, ಹೇಳಿದ ಅವಧಿಗೆ ಬದಲಿಸಿ. ಯುವಿ ದಾಟಿದ ನೀರಿನಲ್ಲಿ ಮುಂದೆ ಕಾಯುವ ಔಷಧವೇನೂ ಉಳಿದಿರುವುದಿಲ್ಲ, ಮುಚ್ಚಿಟ್ಟು ಬೇಗ ಬಳಸಿ. ಅನುಮಾನ ಬಂದರೆ ಕುದಿಸಿ. ಕುದಿಯುವ ನೀರಿನ ಮುಂದೆ ಈ ರಿಪೇರಿಯ ಆಟ ನಡೆಯುವುದಿಲ್ಲ.

ಯುವಿ ದೀಪವನ್ನು ಕೈಗೆ, ಮೈಗೆ ಹಿಡಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಸಮಯದಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ಕಣ್ಣಿಗೂ ಚರ್ಮಕ್ಕೂ ಹಾನಿ. ಬ್ಯಾಕ್ಟೀರಿಯಾಗೆ ಇರುವ ಆ ಬೆಳಕಿನ ರಿಪೇರಿ ಕಿಣ್ವ ಮನುಷ್ಯರಿಗೆ ಇಲ್ಲ. ನಮಗಿರುವುದು ತೇಪೆ ಹಾಕುವ ರಿಪೇರಿ ಮಾತ್ರ. ಹುಟ್ಟಿನಿಂದಲೇ ಅದೂ ಕೆಟ್ಟಿರುವ ಕೆಲವು ಮಕ್ಕಳು ಬಿಸಿಲಿಗೆ ಬಂದರೆ ಚಿಕ್ಕ ವಯಸ್ಸಿನಲ್ಲೇ ಚರ್ಮದ ಕ್ಯಾನ್ಸರಿಗೆ ತುತ್ತಾಗುತ್ತಾರೆ.

ಕೋಪನ್‌ಹೇಗನ್ನಿನಲ್ಲಿ 1909ರಿಂದ ಫಿನ್ಸೆನ್ ನೆನಪಿನ ಒಂದು ಶಿಲ್ಪವಿದೆ. ಬೆಳಕಿನ ಕಡೆಗೆ ಎಂಬುದು ಅದರ ಹೆಸರು. ನೊಬೆಲ್ ಬಂದದ್ದು ಇವರಿಗೆ ಹೌದು. ಬಿಸಿಲಲ್ಲಿ ಕೂತರೆ ರೋಗ ಹೋಗುತ್ತದೆ ಎಂದು ಹೇಳಿದ್ದಕ್ಕಲ್ಲ. ಯಾವ ಬೆಳಕು, ಎಷ್ಟು, ಎಲ್ಲಿ, ಎಷ್ಟು ದಿನ ಎಂದು ಒಬ್ಬೊಬ್ಬ ರೋಗಿಯ ಮುಖದ ಮೇಲೆ ನಾಣ್ಯದಗಲ ಜಾಗದಿಂದ ಶುರುಮಾಡಿ ಅಳೆದಿದ್ದಕ್ಕೆ. ಮುಂದಿನ ಸಲ ಬಿಸಿಲಿನ ಆ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ ಈ ಕಥೆಯನ್ನೂ ಜೊತೆಗೆ ಕಳಿಸಿ. ಗ್ರೂಪಿನಲ್ಲಿ ಯಾರಾದರೂ ಟಿಬಿ ಮಾತ್ರೆ ನುಂಗುತ್ತಿದ್ದರೆ, ಅವರಿಗೆ ಫೋನ್ ಮಾಡಿ ಮಾತ್ರೆ ಬಿಟ್ಟಿಲ್ಲ ತಾನೇ ಎಂದು ಒಮ್ಮೆ ಕೇಳಿ.